ಕೆನ್ನೆಗೆ ಕರೆಂಟ್ ಹೊಡೆದಂಥ ನೋವು: ಇದು ಉರಿಯೂತವೇ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಶಿರಸಿ ಹತ್ತಿರದ ಹಳ್ಳಿ. ಆಯಿಗೆ ಈಗ 61 ವರ್ಷ. ಬಿಪಿ ಮಾತ್ರೆ ಬಿಟ್ಟರೆ ಬೇರೆ ಕಾಯಿಲೆ ಏನೂ ಇಲ್ಲ. ಹೋದ ಮಳೆಗಾಲದಿಂದ ಬಲಗೆನ್ನೆಗೆ ಇದ್ದಕ್ಕಿದ್ದಂತೆ ಕರೆಂಟ್ ಹೊಡೆದ ಹಾಗೆ ಆಗುತ್ತದೆ. ಹಲ್ಲುಜ್ಜಿದರೆ, ಮುಖ ತೊಳೆದರೆ, ಎಲೆ-ಅಡಿಕೆಯ ಕವಳ ಹಾಕಿದರೆ ಶುರು. ಹಲ್ಲಿನದೇ ಇರಬೇಕು ಎಂದು ಎರಡು ದವಡೆಹಲ್ಲು ಕೀಳಿಸಿದ್ದೂ ಆಯಿತು, ನೋವು ಹೋಗಲಿಲ್ಲ. ಆಮೇಲೆ ಒಬ್ಬ ಡಾಕ್ಟರು ‘ನರಕ್ಕೆ ಉರಿಯೂತ ಆಗಿದೆ’ ಎಂದು ನೋವಿನ ಮಾತ್ರೆ, ನರದ ಇಂಜೆಕ್ಷನ್ ಕೊಟ್ಟರು. ಮನೆಯಲ್ಲಿ ನಂಜಿನ ಪದಾರ್ಥ ಎಲ್ಲ ನಿಲ್ಲಿಸಿದ್ದೇವೆ. ಅರಿಶಿನದ ಹಾಲೂ ನಡೆದಿದೆ. ಉರಿಯೂತ ಎಂದಾದರೆ ಅದನ್ನು ಇಳಿಸುವ ಮಾತ್ರೆಗೆ ನೋವು ಯಾಕೆ ಜಗ್ಗುತ್ತಿಲ್ಲ? ಸ್ಟೆರಾಯ್ಡ್ ಕೊಟ್ಟರೆ ಕಡಿಮೆ ಆದೀತಾ? ಕವಳ ಬಿಡಿಸಬೇಕಾ?

ಉತ್ತರ: ಅರ್ಧ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಉರಿಯೂತ ಇಳಿಸುವ ಮಾತ್ರೆ ತಿಂಗಳುಗಟ್ಟಲೆ ನುಂಗಿದರೂ ನೋವು ಅಲ್ಲಾಡಿಲ್ಲ ಎಂದರೆ ಅದರ ಮೂಲ ಬೇರೆಲ್ಲೋ ಇರಬೇಕು ಅಲ್ವಾ? ನೀವು ಬರೆದದ್ದನ್ನು ಓದಿದರೆ ಆಯಿಗೆ ಇರುವುದು ಬಹುಮಟ್ಟಿಗೆ ಟ್ರೈಜೆಮಿನಲ್ ನ್ಯೂರಾಲ್ಜಿಯಾ, ಅಂದರೆ ಮುಖದ ಸಂವೇದನೆಯ ನರದಿಂದಲೇ ಏಳುವ ನೋವು. ಪತ್ರ ಓದಿ ರೋಗ ಹೇಳುವುದು ಸರಿಯಲ್ಲ, ಎದುರು ಕೂರಿಸಿಕೊಂಡು ಒಮ್ಮೆ ನೋಡಲೇಬೇಕು. ಆದರೆ ಈ ಕಾಯಿಲೆಯನ್ನು ಹಿಡಿಯುವುದೇ ರೋಗಿಯ ಬಾಯಿಮಾತಿನಿಂದ. ರಕ್ತ ಪರೀಕ್ಷೆಯಲ್ಲಿ ಇದು ಸಿಗುವುದಿಲ್ಲ, ಎಕ್ಸ್‌ರೇಯಲ್ಲೂ ಸಿಗುವುದಿಲ್ಲ.

ಮೊದಲು ನರದ ಲೆಕ್ಕ ಸ್ವಲ್ಪ ಸರಿ ಮಾಡಿಕೊಳ್ಳೋಣ. ಮುಖಕ್ಕೆ ಎರಡು ದೊಡ್ಡ ನರಗಳಿವೆ. ಮಿದುಳಿನಿಂದ ಹೊರಡುವ ನರಗಳಲ್ಲಿ ಏಳನೆಯದು ಮುಖವನ್ನು ಆಡಿಸುತ್ತದೆ. ನಗುವುದು, ಕಣ್ಣು ಮುಚ್ಚುವುದು, ಹಣೆ ಗಂಟಿಕ್ಕುವುದು ಅದರ ಕೆಲಸ. ಐದನೆಯದು ಟ್ರೈಜೆಮಿನಲ್. ಮುಟ್ಟಿದ್ದು, ಬಿಸಿ, ತಂಪು, ನೋವು ಎಲ್ಲ ಗೊತ್ತಾಗುವುದು ಅದರಿಂದ. ಅದಕ್ಕೆ ಮೂರು ಕವಲು: ಒಂದು ಹಣೆ ಮತ್ತು ಕಣ್ಣಿಗೆ, ಒಂದು ಕೆನ್ನೆ ಮತ್ತು ಮೇಲ್ದವಡೆಗೆ, ಇನ್ನೊಂದು ಕೆಳದವಡೆಗೆ. ಹಲ್ಲುಗಳ ಸಂವೇದನೆ ಕೂಡ ಇದೇ ನರದ ಕೆಳಗಿನ ಎರಡು ಕವಲುಗಳದ್ದು. ಆಯಿಯ ಹಲ್ಲು ಸುಮ್ನೆ ಹೋಗಿದ್ದು ಇದೇ ಕಾರಣಕ್ಕೆ. ನರದ ಬುಡದಲ್ಲಿ ತೊಂದರೆ ಇದ್ದರೂ ಮಿದುಳಿಗೆ ಅದು ‘ಹಲ್ಲು’ ಎಂದೇ ತಿಳಿಯುತ್ತದೆ. ಇಂಥ ರೋಗಿಗಳು ನಮ್ಮ ಹತ್ತಿರ ಬರುವ ಹೊತ್ತಿಗೆ ಒಂದೆರಡು ಹಲ್ಲು ಕಳೆದುಕೊಂಡಿರುವುದು ಜಗತ್ತಿನಾದ್ಯಂತ ಇರುವ ಕತೆ. ನಿಮ್ಮ ದಂತವೈದ್ಯರನ್ನು ದೂರಬೇಡಿ. ‘ಈ ಹಲ್ಲೇ, ಇದನ್ನೇ ಕೀಳಿ’ ಎಂದು ರೋಗಿಗಳೇ ಕೈಮುಗಿದು ಕೇಳುವುದುಂಟು.

ಈ ನೋವಿನ ನಡೆ ಬಹಳ ವಿಶಿಷ್ಟ. ಸಾಮಾನ್ಯವಾಗಿ ಒಂದೇ ಬದಿ, ಅದರಲ್ಲೂ ಬಲಬದಿಗೆ ಸ್ವಲ್ಪ ಜಾಸ್ತಿ. ಐವತ್ತು ದಾಟಿದವರಲ್ಲಿ ಹೆಚ್ಚು, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಬಂದರೆ ಒಂದು ಕ್ಷಣದಿಂದ ಹಿಡಿದು ಹೆಚ್ಚೆಂದರೆ ಎರಡು ನಿಮಿಷ. ಸಾಲಾಗಿ ಹತ್ತಾರು ಸಲ ಹೊಡೆಯಬಹುದು, ಆದರೆ ಒಂದೊಂದು ಹೊಡೆತವೂ ಚಿಕ್ಕದು. ಮುಟ್ಟಿದರೆ ನೋವಾಗಲೇಬಾರದ ಸಂಗತಿಗಳಿಗೆ ಇದು ಶುರುವಾಗುತ್ತದೆ: ಗಾಳಿ, ಬ್ರಷ್, ಒಂದು ತುತ್ತು, ಒಂದು ಮಾತು.

ನಾನು ರೋಗಿಯ ಕೈ ನೋಡುತ್ತೇನೆ. ಹಲ್ಲುನೋವಿನವರು ಅಂಗೈಯಿಂದ ಕೆನ್ನೆ ಒತ್ತಿ ಹಿಡಿದುಕೊಂಡು ಬರುತ್ತಾರೆ, ಒತ್ತಿದರೆ ಅವರಿಗೆ ಹಿತ. ಈ ನೋವಿನವರು ಬೆರಳನ್ನು ಮೂಗಿನ ಪಕ್ಕಕ್ಕೆ ತರುತ್ತಾರೆ, ಒಂದು ಅಂಗುಲ ದೂರದಲ್ಲೇ ನಿಲ್ಲಿಸುತ್ತಾರೆ. ‘ಇಲ್ಲಿ’ ಎನ್ನುತ್ತಾರೆ, ಮುಟ್ಟುವುದಿಲ್ಲ. ಗಂಡಸರಾದರೆ ಅರ್ಧ ಮುಖಕ್ಕೆ ಮಾತ್ರ ಗಡ್ಡ ಹೆರೆದಿರುತ್ತಾರೆ. ಮಾತಿನ ನಡುವೆ ತಟ್ಟನೆ ನಿಂತು, ಕೈ ಮೇಲೆತ್ತಿ, ಕಣ್ಣು ಮುಚ್ಚಿ, ಹೊಡೆತ ಹೋದ ಮೇಲೆ ಬಿಟ್ಟಲ್ಲಿಂದ ಮತ್ತೆ ಮಾತು ಮುಂದುವರಿಸುತ್ತಾರೆ. ಒಂದು ಹೊಡೆತ ಮುಗಿದ ಮೇಲೆ ಸ್ವಲ್ಪ ಹೊತ್ತು ಏನು ಮಾಡಿದರೂ ನೋವು ಬರದ ಬಿಡುವೊಂದು ಸಿಗುತ್ತದೆ. ಕೆಲವರು ಅದನ್ನು ಕಂಡುಕೊಂಡು ಆ ಬಿಡುವಿನಲ್ಲೇ ಗಬಗಬ ನಾಲ್ಕು ತುತ್ತು ಉಂಡುಬಿಡುತ್ತಾರೆ. ಆಯಿ ಊಟ ಮಾಡುವಾಗ ಒಮ್ಮೆ ಗಮನಿಸಿ.

ಈಗ ಉರಿಯೂತದ ವಿಷಯಕ್ಕೆ ಬರೋಣ. ಉರಿಯೂತ ಎಂದರೆ ದೇಹ ತನ್ನನ್ನು ತಾನು ಕಾಪಾಡಿಕೊಳ್ಳುವ ಕ್ರಮ. ಗಾಯವಾದಲ್ಲಿ, ಸೋಂಕು ತಗುಲಿದಲ್ಲಿ ರಕ್ತ ಜಾಸ್ತಿ ಹರಿಯುತ್ತದೆ, ಬಿಳಿ ರಕ್ತಕಣಗಳು ಬಂದು ಸೇರುತ್ತವೆ. ಜಾಗ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ನೋಯುತ್ತದೆ. ಅಲ್ಲಿ ಹುಟ್ಟುವ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳು ನರದ ತುದಿಗಳನ್ನು ಕೆರಳಿಸುತ್ತವೆ. ಆಸ್ಪಿರಿನ್ ಜಾತಿಯ ಮಾತ್ರೆಗಳು ಇದೇ ಪ್ರೊಸ್ಟಾಗ್ಲಾಂಡಿನ್ ಹುಟ್ಟದಂತೆ ತಡೆಯುತ್ತವೆ ಎಂದು ಜಾನ್ ವೇನ್ ಎಂಬ ಬ್ರಿಟಿಷ್ ವಿಜ್ಞಾನಿ 1971ರಲ್ಲಿ ತೋರಿಸಿದರು. ಐಬುಪ್ರೊಫೇನ್, ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್ ಎಲ್ಲ ಇದೇ ಸಾಲಿನವು. ಇವು ಕೆಲಸ ಮಾಡುವುದು ನರದ ತುದಿಯಲ್ಲಿ ಗಲಾಟೆ ಇದ್ದಾಗ. ಬೆರಳು ಜಜ್ಜಿದರೆ, ಮೊಣಕಾಲು ಊದಿದರೆ, ಹಲ್ಲಿನ ಬುಡದಲ್ಲಿ ಕೀವಾದರೆ ಇವು ಸರಿ.

ಆಯಿಯ ತೊಂದರೆ ಇರುವುದು ನರದ ತುದಿಯಲ್ಲಲ್ಲ, ಬುಡದಲ್ಲಿ. ಕಿವಿಯ ಹಿಂದೆ, ತಲೆಬುರುಡೆಯ ಒಳಗೆ, ನರ ಮಿದುಳಿನ ಕಾಂಡವನ್ನು ಸೇರುವ ಜಾಗದಲ್ಲಿ. ಹೆಚ್ಚಿನವರಲ್ಲಿ ಅಲ್ಲೊಂದು ರಕ್ತನಾಳ ಆ ನರಕ್ಕೆ ಆತುಕೊಂಡಿರುತ್ತದೆ. ವಯಸ್ಸಾದ ಹಾಗೆ ರಕ್ತನಾಳಗಳು ಉದ್ದವಾಗಿ ಬಳುಕುತ್ತವೆ. ನಾಡಿ ಮಿಡಿದಾಗಲೆಲ್ಲ ಅದು ನರಕ್ಕೆ ಬಡಿಯುತ್ತದೆ. ವರ್ಷಗಟ್ಟಲೆ ಹೀಗೆ ಬಡಿದು ಬಡಿದು ನರದ ಮೇಲಿನ ಮಯಲಿನ್ ಎಂಬ ಹೊದಿಕೆ ಸವೆಯುತ್ತದೆ. ತೋಟದ ಪಂಪ್‌ಸೆಟ್ಟಿನ ವೈರು ಒಂದು ಕಡೆ ಕಲ್ಲಿಗೆ ತಿಕ್ಕಿ ತಿಕ್ಕಿ ಮೇಲಿನ ಪ್ಲಾಸ್ಟಿಕ್ ಹೋಗಿ ತಾಮ್ರ ಕಂಡರೆ ಏನಾಗುತ್ತದೆ ನಿಮಗೆ ಗೊತ್ತಲ್ಲ, ಇಲ್ಲೂ ಅದೇ. ಹೊದಿಕೆ ಹೋದ ನರತಂತುಗಳು ಒಂದಕ್ಕೊಂದು ತಗುಲಿಕೊಳ್ಳುತ್ತವೆ. ಸ್ಪರ್ಶದ ತಂತುವಿನಲ್ಲಿ ಹೋಗುವ ಸಂಕೇತ ಪಕ್ಕದ ನೋವಿನ ತಂತುವಿಗೆ ಹಾರುತ್ತದೆ. ಗಾಳಿ ಸೋಕಿದ್ದು ಮಿದುಳಿಗೆ ಕರೆಂಟಾಗಿ ಮುಟ್ಟುತ್ತದೆ. ಇಲ್ಲಿ ಕೀವಿಲ್ಲ, ಊತವಿಲ್ಲ, ಪ್ರೊಸ್ಟಾಗ್ಲಾಂಡಿನ್ ಗಲಾಟೆಯೂ ಇಲ್ಲ. ಡೈಕ್ಲೊಫೆನಾಕ್ ಹೋಗಿ ಮಾಡುವುದಾದರೂ ಏನು?

ಇದು ಬರೀ ಊಹೆಯಲ್ಲ. ವಾಲ್ಟರ್ ಡ್ಯಾಂಡಿ ಎಂಬ ಅಮೆರಿಕದ ಶಸ್ತ್ರವೈದ್ಯರು 1930ರ ದಶಕದಲ್ಲೇ ಆಪರೇಷನ್ ಮಾಡುವಾಗ ನರಕ್ಕೆ ಒತ್ತಿಕೊಂಡ ರಕ್ತನಾಳಗಳನ್ನು ಕಂಡು ಬರೆದಿಟ್ಟಿದ್ದರು. 1960ರ ದಶಕದ ಕೊನೆಗೆ ಪೀಟರ್ ಜ್ಯಾನೆಟ್ಟಾ ಸೂಕ್ಷ್ಮದರ್ಶಕದ ಕೆಳಗೆ ಆ ರಕ್ತನಾಳವನ್ನು ಸರಿಸಿ, ನಡುವೆ ಮೆತ್ತೆ ಇಡುವ ಆಪರೇಷನ್ ರೂಢಿಗೆ ತಂದರು. ಆಪರೇಷನ್ನಿನಿಂದ ಎಚ್ಚರವಾಗುವಾಗಲೇ ಅನೇಕರಿಗೆ ನೋವು ಹೋಗಿರುತ್ತದೆ. ಉರಿಯೂತವೇ ಮೂಲವಾಗಿದ್ದರೆ ಅಷ್ಟು ಬೇಗ ಹೋಗುತ್ತಿರಲಿಲ್ಲ, ಊತ ಇಳಿಯಲು ದಿನಗಳು ಬೇಕು. ಆಪರೇಷನ್ನಿನಲ್ಲಿ ತೆಗೆದ ನರದ ತುಣುಕುಗಳನ್ನು ಪರೀಕ್ಷಿಸಿದವರಿಗೂ ಎದ್ದು ಕಂಡದ್ದು ಹೊದಿಕೆ ಹೋದ ತಂತುಗಳೇ, ಉರಿಯೂತದ ಕೋಶಗಳ ದಂಡಲ್ಲ.

ಹಾಗಂತ ಉರಿಯೂತಕ್ಕೆ ಇಲ್ಲಿ ಪಾತ್ರವೇ ಇಲ್ಲ ಎಂದು ನಾನು ಹೇಳುವುದಿಲ್ಲ. ನಿಮ್ಮ ಡಾಕ್ಟರು ಹೇಳಿದ್ದು ಪೂರ್ತಿ ಗಾಳಿಮಾತೂ ಅಲ್ಲ. ನರದ ಕೋಶಗಳು ಗುಂಪಾಗಿ ಕೂತಿರುವ ಗಂಟೊಂದು ತಲೆಬುರುಡೆಯ ಬುಡದಲ್ಲಿದೆ. ಅಲ್ಲಿ ಪ್ರತಿ ನರಕೋಶವನ್ನೂ ಸುತ್ತುವರಿದ ಸಣ್ಣ ಬೆಂಬಲ ಕೋಶಗಳಿವೆ. ಇಲಿಗಳ ಮುಖದ ನರಕ್ಕೆ ದಾರ ಬಿಗಿದು ಮಾಡಿದ ಪ್ರಯೋಗಗಳಲ್ಲಿ ಈ ಬೆಂಬಲ ಕೋಶಗಳು ಕೆರಳಿ, ಇಂಟರ್‌ಲ್ಯೂಕಿನ್, ಟಿಎನ್‌ಎಫ್ ಮುಂತಾದ ಉರಿಯೂತದ ರಾಸಾಯನಿಕಗಳನ್ನು ಸುರಿಸುವುದು ಕಂಡಿದೆ. ಮಿದುಳಿನ ಕಾಂಡದಲ್ಲಿ ಈ ನರ ಬಂದು ಸೇರುವಲ್ಲಿಯೂ ರಕ್ಷಣಾ ಕೋಶಗಳು ಎಚ್ಚೆತ್ತುಕೊಳ್ಳುತ್ತವೆ. ಅದರಿಂದ ನರಕೋಶಗಳು ಇನ್ನಷ್ಟು ಸೂಕ್ಷ್ಮವಾಗುತ್ತವೆ, ಸಣ್ಣ ಸ್ಪರ್ಶಕ್ಕೂ ಸಿಡಿಯುತ್ತವೆ. ಅಂದರೆ ಸವೆತ ಮೊದಲು, ಆ ಸವೆತಕ್ಕೆ ಒಳಗೊಳಗೇ ನಡೆಯುವ ಉರಿಯೂತದ ಪ್ರತಿಕ್ರಿಯೆ ಆಮೇಲೆ. ನೋವು ಹಳತಾದವರಲ್ಲಿ ಹೊಡೆತಗಳ ನಡುವೆಯೂ ಮಂದವಾದ ಉರಿ ಉಳಿಯುವುದುಂಟು. ನರವ್ಯವಸ್ಥೆ ಹೀಗೆ ಸೂಕ್ಷ್ಮವಾಗುವುದೂ ಅದಕ್ಕೊಂದು ಕಾರಣ ಎನ್ನುವ ವಾದ ನನಗೆ ಒಪ್ಪಿಗೆ. ಆದರೆ ಈ ಒಳ ಉರಿಯೂತ ಮೊಣಕಾಲಿನ ಉರಿಯೂತದಂಥದ್ದಲ್ಲ. ಅಂಗಡಿಯಲ್ಲಿ ಸಿಗುವ ನೋವಿನ ಮಾತ್ರೆಗೆ ಅದು ಬಗ್ಗುವುದಿಲ್ಲ. ಸ್ಟೆರಾಯ್ಡ್ ಕೂಡ ಈ ನೋವಿಗೆ ಒಪ್ಪಿತ ಚಿಕಿತ್ಸೆ ಅಲ್ಲ. ಆಯಿಗೆ ಬಿಪಿ ಬೇರೆ ಇದೆ. ಸ್ಟೆರಾಯ್ಡ್ ಬಿಪಿಯನ್ನೂ ಶುಗರನ್ನೂ ಏರಿಸುತ್ತದೆ. ನೋವಿನ ಮಾತ್ರೆ ದಿನಾ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿಗೆ ಪೆಟ್ಟು, ಬಿಪಿ ಮಾತ್ರೆಯ ಕೆಲಸಕ್ಕೂ ಅಡ್ಡಿ. ಆ ನೋವಿನ ಮಾತ್ರೆಗಳನ್ನು ಇವತ್ತೇ ನಿಲ್ಲಿಸಿ.

ಮುಖದ ನೋವುಗಳಲ್ಲಿ ಉರಿಯೂತವೇ ಯಜಮಾನನಾಗಿರುವಂಥವೂ ಇವೆ. ಅವುಗಳಲ್ಲಿ ಕೆಲವಕ್ಕೆ ಗಂಟೆಗಳ ಲೆಕ್ಕ. ಹಾಗಾಗಿ ಆಯಿಯ ನೋವಿಗೂ ಅವಕ್ಕೂ ಇರುವ ವ್ಯತ್ಯಾಸ ಮನೆಯವರಿಗೆ ಗೊತ್ತಿರಬೇಕು.

ಹಲ್ಲಿನ ಕೀವು ಮತ್ತು ಸೈನಸ್ ಸೋಂಕು ಎಲ್ಲರಿಗೂ ಪರಿಚಿತ. ಹಲ್ಲಿನದಾದರೆ ರಾತ್ರಿಯೆಲ್ಲ ತಿಡಿಯುತ್ತದೆ, ಬಿಸಿ ಚಾ ಕುಡಿದರೆ ಏಳುವ ನೋವು ಬಹಳ ಹೊತ್ತು ಉಳಿಯುತ್ತದೆ, ಆ ಹಲ್ಲನ್ನು ತಟ್ಟಿದರೆ ಗೊತ್ತಾಗುತ್ತದೆ. ಸೈನಸ್ ಆದರೆ ಮುಂದಕ್ಕೆ ಬಗ್ಗಿದಾಗ ಕೆನ್ನೆ ಭಾರ. ಆದರೆ ಒಂದು ಎಚ್ಚರಿಕೆ: ದವಡೆಯ ಕೆಳಗೆ ಊದಿ, ಜ್ವರ ಬಂದು, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟವಾದರೆ ಬೆಳಗಾಗಲಿ ಎಂದು ಕಾಯಬೇಡಿ. ಆ ಸೋಂಕು ಕತ್ತಿಗಿಳಿದು ಉಸಿರಿನ ದಾರಿಯನ್ನೇ ಮುಚ್ಚಬಲ್ಲದು.

ನಮ್ಮ ಕಡೆ ಜನ ತೀರಾ ತಡವಾಗಿ ಡಾಕ್ಟರಿಗೆ ತೋರಿಸುವುದು ಸರ್ಪಸುತ್ತನ್ನು. ಚಿಕ್ಕಂದಿನಲ್ಲಿ ಸಿಡುಬಿನ ಹಾಗೆ ಗುಳ್ಳೆ ಎದ್ದು ಹೋಗುವ ಚಿಕನ್‌ಪಾಕ್ಸ್ ಇದೆಯಲ್ಲ, ಅದರ ವೈರಸ್ ಮೈ ಬಿಟ್ಟು ಹೋಗುವುದಿಲ್ಲ. ನರದ ಗಂಟಿನಲ್ಲಿ ಅಡಗಿ ಕೂತಿರುತ್ತದೆ. ವಯಸ್ಸಾಗಿ ರೋಗನಿರೋಧಕ ಶಕ್ತಿ ಕುಗ್ಗಿದಾಗ ಮತ್ತೆ ಏಳುತ್ತದೆ. ಮುಖದಲ್ಲಿ ಎದ್ದರೆ ಹೆಚ್ಚಾಗಿ ಹಣೆಯ ಕವಲಿಗೇ. ಇಲ್ಲಿ ನರ ನಿಜವಾಗಿಯೂ ಊದಿಕೊಳ್ಳುತ್ತದೆ. ಇದು ಅಪ್ಪಟ ಉರಿಯೂತ. ತಮಾಷೆಯ ವಿಷಯ ಅಲ್ಲ, ಮೊದಲ ಎರಡು ಮೂರು ದಿನ ಗುಳ್ಳೆಯೇ ಕಾಣುವುದಿಲ್ಲ, ಬರೀ ಉರಿ, ಚುಚ್ಚು. ಆಮೇಲೆ ಹಣೆಯ ಒಂದೇ ಬದಿಗೆ, ನಡುಗೆರೆ ದಾಟದ ಹಾಗೆ, ಗುಂಪು ಗುಂಪಾಗಿ ನೀರುಗುಳ್ಳೆ. ವೈರಸ್ ತಡೆಯುವ ಮಾತ್ರೆಯನ್ನು ಗುಳ್ಳೆ ಕಂಡ 72 ಗಂಟೆಯೊಳಗೆ ಶುರು ಮಾಡಿದರೆ ಫಲ ಚೆನ್ನಾಗಿ ಸಿಗುತ್ತದೆ. ಅಸೈಕ್ಲೊವಿರ್ ಆದರೆ ದಿನಕ್ಕೆ ಐದು ಸಲ, ವ್ಯಾಲಸೈಕ್ಲೊವಿರ್ ಆದರೆ ಮೂರು ಸಲ, ಸಾಮಾನ್ಯವಾಗಿ ಏಳು ದಿನ. ನಮ್ಮಲ್ಲಿ ಆಗುವುದೇನು? ಮೊದಲ ಮೂರು ದಿನ ಕೆಮ್ಮಣ್ಣು, ಸೊಪ್ಪಿನ ರಸ, ಮಂತ್ರ ಎಂದು ಕಳೆದುಹೋಗುತ್ತದೆ. ಮಂತ್ರ ಹಾಕಿಸಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಆದರೆ ಮಾತ್ರೆ ನುಂಗಿ ಆಮೇಲೆ ಹೋಗಿ. ಮೂಗಿನ ತುದಿಯಲ್ಲಿ ಗುಳ್ಳೆ ಕಂಡರೆ ಕಣ್ಣಿಗೂ ಇಳಿಯುವ ಅಪಾಯ ಹೆಚ್ಚು, ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು. ಗುಳ್ಳೆ ಒಣಗಿ ಮೂರು ತಿಂಗಳಾದರೂ ಉರಿ ಉಳಿದರೆ ಅದು ಬೇರೆಯೇ ನರನೋವು, ಅದಕ್ಕೆ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್, ಅಮಿಟ್ರಿಪ್ಟಿಲಿನ್ ಜಾತಿಯ ಮಾತ್ರೆ. ಸರ್ಪಸುತ್ತಿಗೆ ಲಸಿಕೆ ಇದೆ. ಐವತ್ತು ದಾಟಿದವರಿಗೆ ಕೊಡುವ ಶಿಂಗ್ರಿಕ್ಸ್ ಭಾರತದಲ್ಲಿ 2023ರಿಂದ ಸಿಗುತ್ತಿದೆ. ಎರಡು ಡೋಸ್, ಬೆಲೆ ಮಾತ್ರ ಜಾಸ್ತಿಯೇ.

ಇನ್ನೊಂದು, ಆಯಿಯ ವಯಸ್ಸಿನವರು ಮರೆಯಬಾರದ್ದು. ಕಣತಲೆಯ ರಕ್ತನಾಳಕ್ಕೇ ಉರಿಯೂತ ಬರುವ ಕಾಯಿಲೆ. ನಮ್ಮಲ್ಲಿ ಅಪರೂಪ, ಆದರೆ ಇಲ್ಲವೆಂದಲ್ಲ. ಹೊಸದಾಗಿ ಶುರುವಾದ ತಲೆನೋವು, ಬಾಚಣಿಗೆ ತಾಗಿದರೆ ನೆತ್ತಿ ನೋವು, ಅಗಿಯುತ್ತಾ ಹೋದ ಹಾಗೆ ದವಡೆ ಸೋತು ನೋಯುವುದು, ನಿಲ್ಲಿಸಿದರೆ ಕಡಿಮೆ. ಇಲ್ಲಿ ವ್ಯತ್ಯಾಸ ನೋಡಿ: ಆಯಿಗೆ ಮೊದಲ ತುತ್ತಿಗೇ ಹೊಡೆಯುತ್ತದೆ, ಇವರಿಗೆ ಇಪ್ಪತ್ತನೇ ತುತ್ತಿಗೆ. ಇಎಸ್‌ಆರ್ ಎಂಬ ಸರಳ ರಕ್ತ ಪರೀಕ್ಷೆಯಲ್ಲಿ ಅಂಕಿ ಸಾಮಾನ್ಯವಾಗಿ ಮೇಲೆ ಹೋಗಿರುತ್ತದೆ. ಇದನ್ನು ಬಿಟ್ಟರೆ ಕಣ್ಣು ಹೋಗಬಹುದು. ಇಲ್ಲಿ ಸ್ಟೆರಾಯ್ಡ್ ಬೇಕೇ ಬೇಕು, ತಕ್ಷಣ ಬೇಕು. ಬಾಯಿ ಸೊಟ್ಟಗಾಗುವ ಬೆಲ್ಸ್ ಪಾಲ್ಸಿ ಕೂಡ ಹಾಗೆಯೇ. ಅದು ಏಳನೇ ನರದ ಊತ, ಅಲ್ಲೂ 72 ಗಂಟೆಯೊಳಗೆ ಸ್ಟೆರಾಯ್ಡ್ ಕೊಟ್ಟರೆ ಗುಣ. ಸ್ಟೆರಾಯ್ಡ್ ಕೆಟ್ಟದ್ದೂ ಅಲ್ಲ, ಒಳ್ಳೆಯದೂ ಅಲ್ಲ. ಆಯಿಯ ನೋವಿಗೆ ಅದು ಸಂಬಂಧಪಟ್ಟ ಔಷಧಿ ಅಲ್ಲ, ಅಷ್ಟೇ.

ಮಲ್ಟಿಪಲ್ ಸ್ಕ್ಲೆರೋಸಿಸ್ ಬಗ್ಗೆ ಒಂದು ಮಾತು. ಅದರಲ್ಲಿ ದೇಹದ ರಕ್ಷಣಾ ಪಡೆಯೇ ನರಗಳ ಹೊದಿಕೆಯ ಮೇಲೆ ಬೀಳುತ್ತದೆ. ಉರಿಯೂತದಿಂದ ಹೊದಿಕೆ ಹೋಗಿ, ಆಯಿಗೆ ಬರುವಂಥದ್ದೇ ಕರೆಂಟ್ ನೋವು ಬರುತ್ತದೆ. ಚಿಕ್ಕ ವಯಸ್ಸಿನವರಿಗೆ, ಎರಡೂ ಬದಿಗೆ ಈ ನೋವು ಬಂದರೆ ನಾವು ಅದನ್ನು ಹುಡುಕುತ್ತೇವೆ. ನರವನ್ನು ಒತ್ತುವ ಗಡ್ಡೆಯನ್ನೂ ಹುಡುಕುತ್ತೇವೆ. ಕೆನ್ನೆ ಜೋಮು ಹಿಡಿದಿರುವುದು, ಅದೇ ಬದಿಯ ಕಿವಿ ಮಂದವಾಗುವುದು, ಎರಡೆರಡು ಕಾಣುವುದು, ನಡೆಯುವಾಗ ತೂರಾಡುವುದು ಇದ್ದರೆ ಅನುಮಾನ ಜಾಸ್ತಿ. ಒಂದು ಹತ್ತಿ ಎಳೆ ತೆಗೆದುಕೊಂಡು ಎಡಗೆನ್ನೆ, ಬಲಗೆನ್ನೆ ಎರಡಕ್ಕೂ ಮೆಲ್ಲಗೆ ತಾಗಿಸಿದರೆ ಎರಡೂ ಕಡೆ ಒಂದೇ ಥರ ಗೊತ್ತಾಗಬೇಕು. ಇದನ್ನು ಡಾಕ್ಟರು ಮಾಡಲಿ, ನೀವು ಮಾಡಲು ಹೋಗಿ ಆಯಿಗೆ ಹೊಡೆತ ಬರಿಸಬೇಡಿ.

ಯಾರಿಗೇ ಆಗಲಿ, ಈ ರೋಗ ಎಂದಾದ ಮೇಲೆ ಒಮ್ಮೆ ಎಂಆರ್‌ಐ ಮಾಡಿಸುವುದು ಒಳ್ಳೆಯದು. ಶಿರಸಿ ಕಡೆಯವರು ಹುಬ್ಬಳ್ಳಿಗೆ, ಹೊನ್ನಾವರ, ಭಟ್ಕಳದವರು ಮಣಿಪಾಲ, ಮಂಗಳೂರಿಗೆ, ಕಾರವಾರದವರು ಗೋವಾಕ್ಕೆ ಹೋಗುವುದು ರೂಢಿ. ಜಿಲ್ಲೆಯಲ್ಲೇ ದೊಡ್ಡಾಸ್ಪತ್ರೆ ಬೇಕು ಎಂಬ ಕೂಗು ಎಷ್ಟು ವರ್ಷದ್ದು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಹೋಗುವುದೇ ಆದರೆ ಚೀಟಿಯಲ್ಲಿ ‘ಟ್ರೈಜೆಮಿನಲ್ ನರ ನೋಡಬೇಕು’ ಎಂದು ಬರೆಸಿಕೊಂಡು ಹೋಗಿ. ಸಾಮಾನ್ಯ ಮಿದುಳಿನ ಸ್ಕ್ಯಾನ್‌ನಲ್ಲಿ ಈ ನರದ ಬುಡ ಸರಿಯಾಗಿ ಕಾಣುವುದಿಲ್ಲ, ತೆಳು ಪದರಗಳ ಬೇರೆ ಕ್ರಮದಲ್ಲಿ ತೆಗೆಯಬೇಕು. ಬರೆಸದಿದ್ದರೆ ಎರಡನೇ ಸಲ ಹೋಗಬೇಕಾಗುತ್ತದೆ. ವರದಿಯಲ್ಲಿ ‘ರಕ್ತನಾಳ ನರಕ್ಕೆ ತಾಗಿದೆ’ ಎಂದಿದ್ದರೆ ಹೆದರಬೇಡಿ. ನೋವೇ ಇಲ್ಲದವರಲ್ಲೂ ಹಾಗೆ ತಾಗಿರುವುದು ಎಷ್ಟೋ ಸಲ ಕಾಣುತ್ತದೆ. ‘ಏನೂ ಇಲ್ಲ’ ಎಂದಿದ್ದರೆ ನೋವು ಸುಳ್ಳು ಎಂದೂ ಅಲ್ಲ. ಒಂದಷ್ಟು ಜನರಲ್ಲಿ ಯಾವ ಕಾರಣವೂ ಕಾಣುವುದಿಲ್ಲ.

ಔಷಧಿಗೆ ಬರೋಣ. ಈ ನೋವಿಗೆ ಮೊದಲ ಮಾತ್ರೆ ಕಾರ್ಬಮಾಜೆಪಿನ್. 1960ರ ದಶಕದ ಶುರುವಿನಿಂದ ಇದಕ್ಕೆ ಬಳಕೆಯಲ್ಲಿದೆ. ಹಳೆಯದು, ಬೆಲೆ ಕಡಿಮೆ. ಇದು ಉರಿಯೂತವನ್ನು ಮುಟ್ಟುವುದೇ ಇಲ್ಲ. ನರದಲ್ಲಿ ಸಂಕೇತ ಹುಟ್ಟಬೇಕಾದರೆ ಸೋಡಿಯಂ ಒಳಗೆ ನುಗ್ಗಬೇಕು, ಆ ಬಾಗಿಲನ್ನು ಈ ಮಾತ್ರೆ ಅರೆಮುಚ್ಚುತ್ತದೆ. ಸುಮ್ಮಸುಮ್ಮನೆ ಸಿಡಿಯುವ ನರ ಶಾಂತವಾಗುತ್ತದೆ. ಕೆಲಸ ಮಾಡುವವರಲ್ಲಿ ಕೆಲವೇ ದಿನಗಳಲ್ಲಿ ಗೊತ್ತಾಗುತ್ತದೆ. ಎಷ್ಟರಮಟ್ಟಿಗೆ ಎಂದರೆ ಇದಕ್ಕೆ ನೋವು ಬಗ್ಗಿದರೆ ರೋಗ ಅದೇ ಎಂಬ ನಂಬಿಕೆ ನಮಗೆ ಗಟ್ಟಿಯಾಗುತ್ತದೆ.

ಆದರೆ ಇಲ್ಲೊಂದು ಎಡವಟ್ಟು ಪದೇ ಪದೇ ಆಗುತ್ತದೆ. ಮೆಡಿಕಲ್ ಶಾಪಿನಲ್ಲಿ ಯಾರೋ ‘ಇದು ಫಿಟ್ಸ್ ಮಾತ್ರೆ’ ಎನ್ನುತ್ತಾರೆ. ಮನೆಯವರು ಗಾಬರಿಯಾಗಿ ಮಾತ್ರೆಯನ್ನು ಕಪಾಟಿನಲ್ಲಿಟ್ಟು ಮತ್ತೆ ನೋವಿನ ಮಾತ್ರೆಗೆ ಮರಳುತ್ತಾರೆ. ಹೌದು, ಮೂರ್ಛೆರೋಗಕ್ಕೂ ಇದನ್ನೇ ಕೊಡುತ್ತಾರೆ. ಎರಡರಲ್ಲೂ ನರಕೋಶ ಬೇಡದ ಹೊತ್ತಿಗೆ ಸಿಡಿಯುವುದೇ ತೊಂದರೆ. ಆಯಿಗೆ ಫಿಟ್ಸ್ ಇದೆ ಎಂದು ಅರ್ಥವಲ್ಲ. ಇನ್ನೊಂದು ಎಡವಟ್ಟು, ನೋವು ಬಂದಾಗ ಮಾತ್ರ ನುಂಗುವುದು. ಹಾಗೆ ತೆಗೆದುಕೊಂಡರೆ ಮಾತ್ರೆ ಹೊಟ್ಟೆಯಲ್ಲಿ ಕರಗುವ ಹೊತ್ತಿಗೆ ಹೊಡೆತ ಮುಗಿದಿರುತ್ತದೆ. ದಿನಾ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಬೇಕು.

ವಯಸ್ಸಾದವರಿಗೆ ಸಣ್ಣ ಪ್ರಮಾಣದಿಂದ ಶುರು. 100 ಮಿಲಿಗ್ರಾಂ, ದಿನಕ್ಕೆ ಒಂದೋ ಎರಡೋ ಸಲ. ಕೆಲವು ದಿನಕ್ಕೊಮ್ಮೆ ನಿಧಾನಕ್ಕೆ ಏರಿಸುತ್ತೇವೆ. ಮೊದಲ ವಾರ ನಿದ್ದೆ, ತಲೆಸುತ್ತು, ನಡಿಗೆಯಲ್ಲಿ ತೂರಾಟ ಬರಬಹುದು. ಮಳೆಗಾಲದಲ್ಲಿ ಹಾವಸೆ ಕಟ್ಟಿದ ಅಂಗಳದಲ್ಲಿ, ತೋಟಕ್ಕಿಳಿಯುವ ಮೆಟ್ಟಿಲಲ್ಲಿ ಆಯಿಯನ್ನು ಒಬ್ಬರೇ ಬಿಡಬೇಡಿ. ಮೈಮೇಲೆ ಗಂದೆ ಎದ್ದರೆ, ಬಾಯಲ್ಲಿ ಹುಣ್ಣಾದರೆ, ಜ್ವರದೊಂದಿಗೆ ಚರ್ಮ ಕೆಂಪಾದರೆ ಮುಂದಿನ ಮಾತ್ರೆ ನುಂಗದೆ ಅವತ್ತೇ ಡಾಕ್ಟರಿಗೆ ತೋರಿಸಿ. ಅಪರೂಪಕ್ಕೆ ಅದು ಜೀವಕ್ಕೇ ಅಪಾಯ ತರುವ ಅಲರ್ಜಿಯಾಗಬಹುದು. ಹೆಚ್ಚಾಗಿ ಮೊದಲ ಎರಡು ಮೂರು ತಿಂಗಳಲ್ಲೇ ಈ ಭಯ.

ಆಯಿಯ ಬಿಪಿ ಮಾತ್ರೆಯ ಹೆಸರು ನೀವು ಬರೆದಿಲ್ಲ. ಅದರಲ್ಲಿ ಹೈಡ್ರೊಕ್ಲೋರೊಥಯಜೈಡ್ ಅಥವಾ ಕ್ಲೋರ್‌ಥಾಲಿಡೋನ್ ಇದ್ದರೆ ಡಾಕ್ಟರಿಗೆ ಹೇಳಲೇಬೇಕು. ಅದು ಮತ್ತು ಕಾರ್ಬಮಾಜೆಪಿನ್ ಎರಡೂ ಸೇರಿದರೆ ರಕ್ತದ ಸೋಡಿಯಂ ಇಳಿದು ಮಂಕು, ವಾಕರಿಕೆ, ಗೊಂದಲ ಶುರುವಾಗಬಹುದು. ವಯಸ್ಸಾದವರಲ್ಲಿ ಇದನ್ನು ‘ಅರಳುಮರಳು’ ಎಂದು ಬಿಟ್ಟುಬಿಡುತ್ತಾರೆ. ಮಾತ್ರೆ ಶುರು ಮಾಡುವ ಮೊದಲು ಮತ್ತು ಶುರುವಾದ ಕೆಲವು ವಾರಕ್ಕೆ ಸೋಡಿಯಂ, ರಕ್ತಕಣಗಳ ಎಣಿಕೆ, ಲಿವರ್ ಪರೀಕ್ಷೆ ಮಾಡಿಸಿ. ಈ ಮಾತ್ರೆ ಬೇರೆ ಕೆಲವು ಮಾತ್ರೆಗಳನ್ನು ದೇಹದಿಂದ ಬೇಗ ಹೊರಹಾಕಿಸುತ್ತದೆ. ಹಾಗಾಗಿ ಬಿಪಿ ಸ್ವಲ್ಪ ಏರಿದರೂ ಏರೀತು, ನೋಡಿಕೊಳ್ಳಿ. ಹಿತ್ತಲಲ್ಲಿ ಚಕ್ಕೋತದ ಮರ ಇದ್ದರೆ ಆ ಹಣ್ಣು ಆಯಿಗೆ ಬೇಡ. ಅದರ ಜಾತಿಯ ಗ್ರೇಪ್‌ಫ್ರೂಟ್ ಈ ಮಾತ್ರೆಯ ಅಂಶವನ್ನು ರಕ್ತದಲ್ಲಿ ಏರಿಸುತ್ತದೆ. ಚಕ್ಕೋತವನ್ನೂ ದೂರ ಇಡಿ ಎಂದೇ ನಾನು ಹೇಳುವುದು. ಕಾರ್ಬಮಾಜೆಪಿನ್ ಒಗ್ಗದಿದ್ದರೆ ಆಕ್ಸ್‌ಕಾರ್ಬಜೆಪಿನ್ ಇದೆ, ಬ್ಯಾಕ್ಲೊಫೆನ್, ಲ್ಯಾಮೊಟ್ರಿಜಿನ್ ಇವೆ.

ಮಾತ್ರೆಗೆ ಬಗ್ಗದಿದ್ದರೆ, ಅಥವಾ ಮಾತ್ರೆಯೇ ಮೈಗೆ ಒಗ್ಗದಿದ್ದರೆ ಮೊದಲು ಹೇಳಿದ, ರಕ್ತನಾಳ ಸರಿಸುವ ಆಪರೇಷನ್. ಜ್ಯಾನೆಟ್ಟಾ ತಂಡ 1996ರಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳ ಫಲಿತಾಂಶ ಪ್ರಕಟಿಸಿತು. ಹತ್ತು ವರ್ಷದ ನಂತರವೂ ಸುಮಾರು ಶೇಕಡಾ 70 ಜನ ಮಾತ್ರೆಯಿಲ್ಲದೆ ನೋವುಮುಕ್ತರಾಗಿದ್ದರು. ತಲೆಬುರುಡೆ ತೆರೆಯುವ ಆಪರೇಷನ್ ಆದ್ದರಿಂದ ಅಪಾಯ ಇಲ್ಲದಿಲ್ಲ, ಆ ಬದಿಯ ಕಿವಿ ಕೇಳಿಸದಂತಾಗುವುದು ಅದರಲ್ಲೊಂದು. 61 ವರ್ಷ, ಬೇರೆ ಕಾಯಿಲೆ ಇಲ್ಲ ಎಂದರೆ ಮಾಡಿಸಬಹುದಾದ ವಯಸ್ಸೇ. ಅದು ಬೇಡವೆಂದರೆ ಕೆನ್ನೆಯಿಂದ ಸೂಜಿ ಹಾಯಿಸಿ ನರವನ್ನು ಬಿಸಿಯಿಂದ ಅಥವಾ ಬಲೂನಿನಿಂದ ಮಂದಗೊಳಿಸುವುದು, ಗಾಮಾ ನೈಫ್ ವಿಕಿರಣ ಇವೆ. ಇವುಗಳಲ್ಲಿ ಕೆನ್ನೆ ಸ್ವಲ್ಪ ಮರಗಟ್ಟಬಹುದು, ನೋವು ಕೆಲವು ವರ್ಷಕ್ಕೆ ಮರಳಲೂಬಹುದು.

ಇನ್ನು ನಂಜು, ಅರಿಶಿನ, ಇಂಜೆಕ್ಷನ್. ಬದನೆಕಾಯಿ, ಹಲಸು ಬಿಟ್ಟದ್ದರಿಂದ ಈ ನೋವು ಕಡಿಮೆಯಾಗುವುದಿಲ್ಲ, ತಿಂದರೆ ಜಾಸ್ತಿಯೂ ಆಗುವುದಿಲ್ಲ. ಕರಾವಳಿ ಕಡೆಯ ಮನೆಗಳಲ್ಲಿ ಇದೇ ಲೆಕ್ಕದಲ್ಲಿ ಮೀನು, ಸಿಗಡಿ ನಿಲ್ಲಿಸುತ್ತಾರೆ. ಮೊದಲೇ ಅಗಿಯಲಾರದೆ ಸೊರಗಿದವರಿಗೆ ಇದ್ದ ಒಳ್ಳೆಯ ಆಹಾರವನ್ನೂ ಕಿತ್ತುಕೊಂಡ ಹಾಗೆ ಅದು. ಅರಿಶಿನದ ಹಾಲು ಕುಡಿಯಲಿ, ತೊಂದರೆಯಿಲ್ಲ, ಉಪಯೋಗವೂ ಇಲ್ಲ. ನರದ ಇಂಜೆಕ್ಷನ್ ಎಂದು ಕೊಡುವುದು ಹೆಚ್ಚಾಗಿ ಬಿ12. ಸಸ್ಯಾಹಾರಿಗಳಲ್ಲಿ ಅದರ ಕೊರತೆ ಇರುವುದುಂಟು, ಇದ್ದರೆ ಹಾಕಿಸಿಕೊಳ್ಳಲಿ. ಆದರೆ ರಕ್ತನಾಳ ಬಡಿದು ಸವೆದ ನರಕ್ಕೆ ಅದು ಮದ್ದಲ್ಲ. ಕೆನ್ನೆಗೆ ಎಣ್ಣೆ ತಿಕ್ಕುವುದಂತೂ ಬೇಡವೇ ಬೇಡ, ಹೊಡೆತವನ್ನು ಕೈಯಾರೆ ಕರೆದ ಹಾಗೆ.

ಒಂದು ವಿಷಯ ಮಾತ್ರ ನೆನಪಿಡಿ, ಇದರಿಂದಲೇ ಊರಲ್ಲಿ ನೂರು ಮದ್ದು ಹುಟ್ಟಿರುವುದು. ಈ ನೋವು ತಾನಾಗಿಯೇ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ನಿಂತುಬಿಡುತ್ತದೆ. ಆಗ ಕೊನೆಗೆ ಏನು ಮಾಡಿದ್ದರೋ ಅದಕ್ಕೆ ಹೆಸರು. ಮೂರನೇ ಹಲ್ಲು ಕೀಳಿಸಿದ್ದಕ್ಕೋ, ನಾಟಿ ವೈದ್ಯರ ಬೇರಿಗೋ, ಮಾರಿಕಾಂಬೆಗೆ ಹೇಳಿಕೊಂಡ ಹರಕೆಗೋ. ನಮ್ಮ ಮಾತ್ರೆಗೂ ಕೆಲವೊಮ್ಮೆ ಹೀಗೆ ಪುಕ್ಕಟೆ ಹೆಸರು ಬಂದಿರುತ್ತದೆ ಅನ್ನಿ. ನೋವು ನಿಂತರೆ ಸಂತೋಷ, ಆದರೆ ಮಾತ್ರೆಯನ್ನು ತಟ್ಟನೆ ಬಿಡಬೇಡಿ. ಡಾಕ್ಟರ ಹತ್ತಿರ ಕೇಳಿ ನಿಧಾನಕ್ಕೆ ಇಳಿಸಿ. ಮರಳಿ ಬಂದರೆ ಗಾಬರಿ ಬೇಡ.

ಅಲ್ಲಿಯವರೆಗೆ ಮನೆಯಲ್ಲಿ ಮಾಡಬಹುದಾದ್ದು: ಮುಖ ತೊಳೆಯಲು ಉಗುರುಬೆಚ್ಚಗಿನ ನೀರು. ಬೆಳಗಿನ ಮಾತ್ರೆ ನುಂಗಿ ಒಂದೆರಡು ಗಂಟೆ ಬಿಟ್ಟು ಹಲ್ಲುಜ್ಜಲಿ, ಮಕ್ಕಳ ಮೆತ್ತನೆ ಬ್ರಷ್ ಕೊಡಿ. ಚಳಿಗಾಲದ ಬೆಳಿಗ್ಗೆ ಕೊಟ್ಟಿಗೆಗೆ ಹೋಗುವಾಗ ಕೆನ್ನೆ ಮುಚ್ಚುವ ಹಾಗೆ ಮೆತ್ತಗಿನ ಶಾಲು. ಕುಮಟಾಕ್ಕೆ ಹೋಗುವಾಗ ದೇವಿಮನೆ ಘಟ್ಟದಲ್ಲಿ ಬಸ್ಸಿನ ಕಿಟಕಿ ಪಕ್ಕ ಕೂರಿಸಬೇಡಿ. ಗಂಜಿ, ಮೆತ್ತಗೆ ಕಲಸಿದ ತಂಬುಳಿ ಅನ್ನ ಸಾಕು, ಆದರೆ ತಂಬುಳಿ ತಣ್ಣಗಿರದಿರಲಿ. ವಾರಕ್ಕೊಮ್ಮೆ ತೂಕ ನೋಡಿ. ‘ಬದುಕೇ ಸಾಕು’ ಎಂಬ ಮಾತು ಬಂದರೆ ವಯಸ್ಸಾದವರ ಮಾತೆಂದು ತಳ್ಳಿಹಾಕಬೇಡಿ, ಡಾಕ್ಟರಿಗೆ ಹೇಳಿ. ಈ ನೋವು ಜನರನ್ನು ಅಲ್ಲಿಯವರೆಗೂ ತಳ್ಳುತ್ತದೆ.

ಕಡೆಗೆ ಕವಳ. ಅಡಿಕೆ ಬೆಳೆಯುವ ಊರಲ್ಲಿ ಈ ಮಾತು ಹೇಳಿದರೆ ಯಾರಿಗೂ ಸೇರುವುದಿಲ್ಲ, ಆದರೂ ಹೇಳುತ್ತೇನೆ. ಈ ಕರೆಂಟ್ ನೋವಿಗೆ ಕವಳ ಕಾರಣವಲ್ಲ. ಅಗಿಯುವುದು ಹೊಡೆತವನ್ನು ಎಬ್ಬಿಸುತ್ತದೆ, ಅಷ್ಟೇ. ಆದರೆ ಅಡಿಕೆ ಅಗಿಯುವುದು ಬಾಯಿಯ ಕ್ಯಾನ್ಸರಿಗೆ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪಟ್ಟಿ ಮಾಡಿದೆ, ಹೊಗೆಸೊಪ್ಪು ಸೇರಿದರೆ ಇನ್ನೂ ಕೆಟ್ಟದ್ದು. ಬಲಬದಿ ನೋವೆಂದು ಆಯಿ ಈಗ ಕವಳವನ್ನು ಎಡಗೆನ್ನೆಯಲ್ಲೇ ಇಟ್ಟುಕೊಳ್ಳುತ್ತಿರಬಹುದು. ಬಿಡಲು ಇದಕ್ಕಿಂತ ಒಳ್ಳೆಯ ಕಾಲ ಸಿಗಲಿಕ್ಕಿಲ್ಲ. ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಬಾಯಿ ಪೂರ್ತಿ ತೆರೆಸಿ ಟಾರ್ಚ್ ಹಾಕಿ ನೋಡಲು ಹೇಳಿ. ಎರಡೂ ಕೆನ್ನೆಯ ಒಳಗೆ, ನಾಲಿಗೆಯ ಅಡಿಗೆ, ಹಲ್ಲು ಕಿತ್ತ ಜಾಗದಲ್ಲಿ ಬಿಳಿ ಮಚ್ಚೆ, ವಾಸಿಯಾಗದ ಹುಣ್ಣು, ಗಟ್ಟಿ ಗಂಟು ಇದೆಯಾ ಎಂದು. ಗಲ್ಲ ಅಥವಾ ಕೆಳತುಟಿ ಮರಗಟ್ಟಿದೆ ಎಂದು ಆಯಿ ಹೇಳಿದರೆ ಆ ಪರೀಕ್ಷೆಯನ್ನು ಮುಂದಿನ ಸಲಕ್ಕೆ ಬಿಡಬೇಡಿ, ಈ ವಾರವೇ ಆಗಬೇಕು.